ಕೀಟದ ಬಾಯಲ್ಲಿ ವೈರಸ್: ರಾಸುಗಳ ರೋಗ ಹರಡುವ ಎರಡು ದಾರಿಗಳು

ಕೀಟ ಕಚ್ಚುವುದರಿಂದ ದನಕರುಗಳಿಗೆ ವೈರಸ್ ರೋಗ ಬರುತ್ತದೆ ಎಂಬುದು ಈಗ ಬಹಳ ಜನರಿಗೆ ತಿಳಿದಿರುವ ಸಂಗತಿ. ಆದರೆ ಕಚ್ಚಿದ ಮೇಲೆ ಆ ಕೀಟದೊಳಗೆ ವೈರಸ್ಸಿಗೆ ಏನಾಗುತ್ತದೆ ಎಂಬುದು ಒಂದೊಂದು ರೋಗದಲ್ಲಿ ಒಂದೊಂದು ರೀತಿ. ಕೆಲವು ವೈರಸ್‌ಗಳು ಕೀಟದ ಒಡಲನ್ನೇ ಮನೆ ಮಾಡಿಕೊಂಡು ಅಲ್ಲಿ ಬೆಳೆಯುತ್ತವೆ; ಇನ್ನು ಕೆಲವು ಅದರ ಬಾಯಿಗೆ ಅಂಟಿಕೊಂಡು ಮುಂದಿನ ರಾಸಿನ ಮೈ ಸೇರುತ್ತವೆ, ಅಷ್ಟೆ. ರೋಗ ಯಾವ ಋತುವಿನಲ್ಲಿ ಏಳುತ್ತದೆ, ಎಷ್ಟು ದೂರ ಹೋಗುತ್ತದೆ, ಅದನ್ನು ಎಲ್ಲಿ ತಡೆಯಬಹುದು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಬಹುಮಟ್ಟಿಗೆ ಈ ವ್ಯತ್ಯಾಸದಲ್ಲಿಯೇ ಇದೆ. ಇದನ್ನು ಗಮನಿಸದೆ ಎಲ್ಲ ಕೀಟಜನ್ಯ ರೋಗಗಳಿಗೂ ಒಂದೇ ಮದ್ದು ಹುಡುಕುವುದು ರಾಸುಗಳಿಗೂ ಅವನ್ನು ಸಾಕುವವರಿಗೂ ದುಬಾರಿಯಾಗಿ ಪರಿಣಮಿಸುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲನೆಯ ಬಗೆಗೆ ಅತ್ಯಂತ ಚೆನ್ನಾಗಿ ಅಧ್ಯಯನವಾಗಿರುವ ಉದಾಹರಣೆ ನೀಲಿ ನಾಲಿಗೆ ರೋಗ. ಕುರಿಗಳಲ್ಲಿ ತೀವ್ರವಾಗಿಯೂ ದನಗಳಲ್ಲಿ ಬಹುವೇಳೆ ಸದ್ದಿಲ್ಲದೆಯೂ ಬರುವ ಈ ರೋಗದ ವಾಹಕ ಕುಲಿಕಾಯ್ಡಿಸ್ ಎಂಬ ಕುಲದ ನೊರಜು ಎಂದು 1944ರಲ್ಲಿ ದಕ್ಷಿಣ ಆಫ್ರಿಕದ ಓಂಡರ್‌ಸ್ಟೆಪೋರ್ಟ್ ಪಶುವೈದ್ಯ ಸಂಶೋಧನಾ ಸಂಸ್ಥೆಯ ಡು ಟಾಯ್ಟ್ ತೋರಿಸಿಕೊಟ್ಟರು. ಒಂದರಿಂದ ಮೂರು ಮಿಲಿಮೀಟರ್ ಉದ್ದದ, ಸಾಧಾರಣ ಸೊಳ್ಳೆಪರದೆಯ ಕಣ್ಣುಗಳಲ್ಲಿ ಸಲೀಸಾಗಿ ನುಸುಳಿಬಿಡಬಲ್ಲ ಕೀಟವಿದು. ಇದರ ಹೆಣ್ಣಿಗೆ ಮೊಟ್ಟೆ ಬಲಿಯಲು ರಕ್ತ ಬೇಕು. ಒಂದು ಸಲ ರಕ್ತ ಕುಡಿದು, ಅದನ್ನು ಅರಗಿಸಿಕೊಂಡು, ಹಸಿ ಕೆಸರಿನಲ್ಲೋ ಸಗಣಿಯಲ್ಲೋ ಮೊಟ್ಟೆಯಿಟ್ಟು, ಕೆಲವು ದಿನಗಳ ನಂತರ ಮತ್ತೊಂದು ಪ್ರಾಣಿಯನ್ನು ಕಚ್ಚಲು ಅದು ಹೊರಡುತ್ತದೆ. ಮೊದಲು ಕುಡಿದ ರಕ್ತದಲ್ಲಿ ವೈರಸ್ ಇದ್ದರೆ ಅದು ನೊರಜಿನ ಜಠರದ ಗೋಡೆಯ ಕೋಶಗಳನ್ನು ಹೊಕ್ಕು, ಅಲ್ಲಿ ಸಂಖ್ಯೆ ಹೆಚ್ಚಿಸಿಕೊಂಡು, ದೇಹದ್ರವಕ್ಕೆ ಇಳಿದು, ಕೊನೆಗೆ ಜೊಲ್ಲುಗ್ರಂಥಿಗಳನ್ನು ತಲುಪಬೇಕು. ಆ ಪಯಣ ಮುಗಿಯುವವರೆಗೆ ನೊರಜು ಎಷ್ಟು ಸಲ ಕಚ್ಚಿದರೂ ರೋಗ ದಾಟುವುದಿಲ್ಲ.

ಈ ಪಯಣದ ವೇಗವನ್ನು ನಿರ್ಧರಿಸುವುದು ಹವೆಯ ಉಷ್ಣತೆ. ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಾರದಿಂದ ಹತ್ತು ದಿನಗಳಲ್ಲಿ ಮುಗಿಯುವ ಕೆಲಸ 15 ಡಿಗ್ರಿಯ ಆಸುಪಾಸಿನಲ್ಲಿ ಮೂರು ವಾರಗಳನ್ನೂ ಮೀರಬಹುದು. 12 ಡಿಗ್ರಿಗಿಂತ ಕೆಳಗೆ ವೈರಸ್ಸಿನ ವೃದ್ಧಿ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ನೊರಜಿನ ಆಯುಸ್ಸಾದರೋ ಸಾಮಾನ್ಯವಾಗಿ ಎರಡು ಮೂರು ವಾರಗಳದು. ಅಂದರೆ ವೈರಸ್ ಜೊಲ್ಲಿಗೆ ಇಳಿಯುವ ಮೊದಲೇ ಬಹುಪಾಲು ನೊರಜುಗಳು ಸತ್ತಿರುತ್ತವೆ, ಬದುಕಿ ಉಳಿದ ಕೆಲವೇ ಕೆಲವು ಮಾತ್ರ ಅಪಾಯಕಾರಿಗಳಾಗುತ್ತವೆ. ಸರಾಸರಿ ಉಷ್ಣತೆ ಎರಡು ಮೂರು ಡಿಗ್ರಿ ಏರಿದರೆ ಈ ಓಟದಲ್ಲಿ ವೈರಸ್ಸಿಗೆ ಸಿಗುವ ಅನುಕೂಲ ಅಲ್ಪಸ್ವಲ್ಪದ್ದಲ್ಲ: ಪಯಣದ ಅವಧಿ ಕುಗ್ಗುವುದರಿಂದ ಬದುಕುಳಿಯುವ ವಾಹಕಗಳ ಪಾಲು ಹಲವು ಪಟ್ಟು ಹಿಗ್ಗುತ್ತದೆ. ಇದರ ಜೊತೆಗೆ ಪ್ರಯೋಗಾಲಯಗಳಲ್ಲಿ ಕಂಡುಬಂದ ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ಚಳಿಯಲ್ಲಿ ಇರಿಸಿದ ಸೋಂಕಿತ ನೊರಜುಗಳಲ್ಲಿ ವೈರಸ್ ನಾಶವಾಗಿರಲಿಲ್ಲ. ಬೆಚ್ಚನೆಯ ಜಾಗಕ್ಕೆ ತಂದೊಡನೆ ಅದು ಮತ್ತೆ ಬೆಳೆಯತೊಡಗಿತು. ಚಳಿ ಈ ವೈರಸ್ಸನ್ನು ತಡೆದು ನಿಲ್ಲಿಸುತ್ತದೆ, ಕೊಲ್ಲುವುದಿಲ್ಲ.

ಯುರೋಪಿನ ಉತ್ತರ ಭಾಗ ಈ ರೋಗದಿಂದ ಸುರಕ್ಷಿತ ಎಂದೇ ಬಹುಕಾಲ ನಂಬಲಾಗಿತ್ತು. ಆಫ್ರಿಕ ಮತ್ತು ಮೆಡಿಟರೇನಿಯನ್ ತೀರದ ಮುಖ್ಯ ವಾಹಕವಾದ ಕುಲಿಕಾಯ್ಡಿಸ್ ಇಮಿಕೋಲ ಅಷ್ಟು ಉತ್ತರಕ್ಕೆ ಬದುಕುವುದಿಲ್ಲವಾದ್ದರಿಂದ ಆ ನಂಬಿಕೆಗೆ ಆಧಾರವೂ ಇತ್ತು. 1998ರಿಂದ ಗ್ರೀಸಿನ ದ್ವೀಪಗಳಲ್ಲಿ, ಆಮೇಲೆ ಇಟಲಿ, ಸ್ಪೇನ್‌ಗಳಲ್ಲಿ ರೋಗ ಕಾಣಿಸಿಕೊಂಡಾಗಲೂ ಅದು ದಕ್ಷಿಣದ ತೊಂದರೆಯಾಗಿಯೇ ಉಳಿದಿತ್ತು. 2006ರ ಆಗಸ್ಟ್‌ನಲ್ಲಿ ನೆದರ್ಲೆಂಡ್ಸ್, ಬೆಲ್ಜಿಯಂ, ಜರ್ಮನಿಗಳ ಗಡಿ ಕೂಡುವ ಪ್ರದೇಶದಲ್ಲಿ, ಅದುವರೆಗೆ ಸಹಾರಾದ ದಕ್ಷಿಣದಲ್ಲಿ ಪರಿಚಿತವಾಗಿದ್ದ ಎಂಟನೆಯ ಸೀರೋಟೈಪ್, ಅಂದರೆ ಪ್ರತಿಕಾಯಗಳು ಬೇರೆಯೆಂದೇ ಗುರುತಿಸುವ ವೈರಸ್ಸಿನ ಒಂದು ಒಳಬಗೆ, ಪತ್ತೆಯಾಯಿತು. ಅದನ್ನು ಹೊತ್ತು ತಿರುಗುತ್ತಿದ್ದುದು ದಕ್ಷಿಣದಿಂದ ವಲಸೆ ಬಂದ ಯಾವ ನೊರಜೂ ಅಲ್ಲ; ಅಲ್ಲಿಯೇ ಯಾವಾಗಲೂ ಇದ್ದ ಕುಲಿಕಾಯ್ಡಿಸ್ ಅಬ್ಸೋಲೀಟಸ್ ಗುಂಪಿನ ಸ್ಥಳೀಯ ನೊರಜುಗಳು. ವಾಹಕದ ಭೂಪಟವನ್ನು ನೋಡಿ ರೋಗದ ಗಡಿಯನ್ನು ಎಳೆದಿದ್ದವರ ಲೆಕ್ಕ ಅಲ್ಲಿಗೆ ತಲೆಕೆಳಗಾಯಿತು.

ಮರುವರ್ಷ ರೋಗ ಇಂಗ್ಲೆಂಡಿಗೂ ದಾಟಿತು. 2007ರ ಸೆಪ್ಟೆಂಬರ್‌ನಲ್ಲಿ ಪೂರ್ವ ಇಂಗ್ಲೆಂಡಿನ ಸಫೋಕ್‌ನಲ್ಲಿ ಮೊದಲ ಹಸು ಸಿಕ್ಕಿಬಿದ್ದ ಮೇಲೆ ಹವಾಮಾನ ತಜ್ಞರು ಗಾಳಿಯ ದಾಖಲೆಗಳನ್ನು ಹಿಂದಕ್ಕೆ ಹಿಂದಕ್ಕೆ ಓದುತ್ತ ಹೋಗಿ, ಆಗಸ್ಟ್ 4ರ ರಾತ್ರಿಯಿಂದ 5ರ ಬೆಳಗಿನವರೆಗೆ ಸಮುದ್ರದಾಚೆಯ ಸೋಂಕಿತ ಪ್ರದೇಶದಿಂದ ಬೀಸಿದ ಬೆಚ್ಚನೆಯ ಗಾಳಿಯೇ ಸೋಂಕಿತ ನೊರಜುಗಳನ್ನು ತಂದಿರಬೇಕು ಎಂಬ ತೀರ್ಮಾನಕ್ಕೆ ಬಂದರು. ಸ್ವಂತ ರೆಕ್ಕೆಯ ಬಲದಿಂದ ಕೆಲವೇ ಕಿಲೋಮೀಟರ್ ಹಾರಬಲ್ಲ ಕೀಟ, ನೆಲದ ಮೇಲಾದರೆ ಹೊಲದಿಂದ ಹೊಲಕ್ಕೆ ನಿಧಾನವಾಗಿ ಸಾಗುತ್ತದೆ. ನೀರಿನ ಮೇಲೆ ಗಾಳಿಗೆ ಸಿಕ್ಕರೆ ಒಂದೇ ರಾತ್ರಿಯಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಸಾಗಬಲ್ಲದು. ಗಡಿಯ ತಪಾಸಣೆ, ಆಮದು ನಿರ್ಬಂಧ ಇವು ಯಾವುವೂ ಗಾಳಿಗೆ ಅನ್ವಯಿಸುವುದಿಲ್ಲ.

ಇಂತಹ ರೋಗದಲ್ಲಿ ದನದ ಪಾತ್ರ ಕುರಿಯದಕ್ಕಿಂತ ಬೇರೆ. ಈ ವೈರಸ್ ಕೆಂಪು ರಕ್ತಕಣಗಳ ಪೊರೆಯ ತಗ್ಗುಗಳಲ್ಲಿ ಸೇರಿಕೊಂಡು ರೋಗನಿರೋಧಕ ಪ್ರತಿಕಾಯಗಳ ಕೈಗೆ ಸಿಗದೆ ಉಳಿಯುವುದರಿಂದ, ಹೊರಗೆ ಯಾವ ಲಕ್ಷಣವನ್ನೂ ತೋರದ ಹಸುವಿನ ರಕ್ತ ಕೂಡ ವಾರಗಟ್ಟಲೆ ನೊರಜುಗಳಿಗೆ ಸೋಂಕು ಹಂಚಬಲ್ಲದು. ಸೋಂಕಿತ ರಾಸು 60 ದಿನಗಳವರೆಗೆ ಅಪಾಯಕಾರಿ ಎಂದು ಅಂತರರಾಷ್ಟ್ರೀಯ ಸಾಗಣೆಯ ನಿಯಮಗಳು ಎಣಿಸುವುದು ಇದೇ ಕಾರಣಕ್ಕೆ. ಅದರ ಮೇಲೆ ಯುರೋಪಿನ ಎಂಟನೆಯ ಸೀರೋಟೈಪಿಗೆ ಗಬ್ಬದ ಹಸುವಿನಿಂದ ಕರುವಿಗೆ ದಾಟುವ ಸಾಮರ್ಥ್ಯವೂ ಇತ್ತು. ನೊರಜುಗಳು ಹಾರಾಡದ ಚಳಿಗಾಲವನ್ನು ವೈರಸ್ ಹೇಗೆ ಕಳೆಯುತ್ತದೆ ಎಂಬ ಪ್ರಶ್ನೆಗೆ ಹುಟ್ಟುವಾಗಲೇ ಸೋಂಕು ಹೊತ್ತ ಕರುಗಳೂ, ಬೆಚ್ಚನೆಯ ಕೊಟ್ಟಿಗೆಯೊಳಗೆ ಉಳಿದ ಒಂದಿಷ್ಟು ನೊರಜುಗಳೂ ಉತ್ತರವಾದವು.

ಗರ್ಭದ ವಿಷಯದಲ್ಲಿ ಇನ್ನೂ ಕ್ರೂರವಾದುದು ನೊರಜುಗಳೇ ಹರಡುವ ಶ್ಮಾಲೆನ್‌ಬರ್ಗ್ ವೈರಸ್. 2011ರ ಬೇಸಿಗೆಯ ಕೊನೆಗೆ ಜರ್ಮನಿ ಮತ್ತು ನೆದರ್ಲೆಂಡ್ಸ್‌ನ ಹಾಲಿನ ಹಸುಗಳಲ್ಲಿ ಜ್ವರ, ಭೇದಿ, ಹಾಲಿನ ಇಳಿಕೆ ಕಾಣಿಸಿಕೊಂಡು ಕೆಲವೇ ದಿನಗಳಲ್ಲಿ ವಾಸಿಯಾದವು. ಜರ್ಮನಿಯ ಫ್ರೀಡ್ರಿಶ್ ಲೋಫ್ಲರ್ ಸಂಸ್ಥೆ ಆ ನವೆಂಬರ್‌ನಲ್ಲಿ, ರಕ್ತದ ಮಾದರಿಯಲ್ಲಿದ್ದ ಎಲ್ಲ ಆನುವಂಶಿಕ ವಸ್ತುವನ್ನೂ ಒಟ್ಟಿಗೆ ಓದುವ ವಿಧಾನದಿಂದ, ಅದುವರೆಗೆ ಗೊತ್ತಿರದ ವೈರಸ್ಸೊಂದನ್ನು ಗುರುತಿಸಿತು. ನಿಜವಾದ ನಷ್ಟ ಆಮೇಲೆ ತಿಳಿಯಿತು: ಕೀಲುಗಳು ಸೆಟೆದುಕೊಂಡ, ಕತ್ತು ತಿರುಚಿಹೋದ, ಮಿದುಳು ಬೆಳೆಯದ ಕುರಿಮರಿಗಳೂ ಕರುಗಳೂ ಹುಟ್ಟತೊಡಗಿದವು. ಈ ವೈರಸ್ ದೊಡ್ಡ ಹಸುವಿನ ರಕ್ತದಲ್ಲಿ ಇರುವುದು ಕೆಲವೇ ದಿನ. ಗರ್ಭದ ಸುಮಾರು ಎರಡರಿಂದ ಆರು ತಿಂಗಳ ನಡುವೆ ಆ ಕೆಲವು ದಿನಗಳು ಬಿದ್ದರೆ ಕರುವಿಗೆ ಕೇಡು. ನೊರಜು ಕಚ್ಚಿದ ಎಷ್ಟೋ ತಿಂಗಳ ಮೇಲೆ, ನೊರಜುಗಳೇ ಇಲ್ಲದ ಕಾಲದಲ್ಲಿ ರೋಗದ ಗುರುತು ಸಿಗುವುದರಿಂದ, ರೈತನಿಗೆ ಕಾರಣ ಹೊಳೆಯುವುದೇ ಕಷ್ಟ.

ಇನ್ನು ಎರಡನೆಯ ಬಗೆ. ಚರ್ಮಗಂಟು ರೋಗದ ವೈರಸ್ ಸಿಡುಬಿನ ಕುಟುಂಬದ್ದು, ಕುರಿಸಿಡುಬು ಮತ್ತು ಮೇಕೆಸಿಡುಬಿನ ಹತ್ತಿರದ ಬಂಧು. ಅದು ಕೀಟದ ಒಡಲಿನಲ್ಲಿ ಬೆಳೆಯುತ್ತದೆ ಎನ್ನುವುದಕ್ಕೆ ಗಟ್ಟಿಯಾದ ಸಾಕ್ಷ್ಯವಿಲ್ಲ. ರೋಗದ ರಾಸಿನ ಮೈಮೇಲೆ ಏಳುವ, ಒಂದರಿಂದ ಐದು ಸೆಂಟಿಮೀಟರ್ ಅಗಲದ ಗಂಟುಗಳಲ್ಲಿ ವೈರಸ್ ರಕ್ತದಲ್ಲಿರುವುದಕ್ಕಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿರುತ್ತದೆ. ಸ್ಟೊಮಾಕ್ಸಿಸ್ ಎಂಬ ಕೊಟ್ಟಿಗೆಯ ಕಚ್ಚುವ ನೊಣ ಅಲ್ಲಿ ಬಾಯಿ ಚುಚ್ಚುತ್ತದೆ. ಅದರ ಕಡಿತ ವಿಪರೀತ ನೋವು ಕೊಡುವುದರಿಂದ ರಾಸು ಬಾಲ ಬೀಸುತ್ತದೆ, ಕಾಲು ಝಾಡಿಸುತ್ತದೆ. ಹೊಟ್ಟೆ ತುಂಬದ ನೊಣ ಎದ್ದು ಪಕ್ಕದ ರಾಸಿನ ಮೇಲೆ ಕೂತು ಮತ್ತೆ ಚುಚ್ಚುತ್ತದೆ. ಹೀಗೆ ನೊಣದ ಬಾಯಿ ತೊಳೆಯದ ಸೂಜಿಯಂತೆ ಕೆಲಸ ಮಾಡುತ್ತದೆ, ಮತ್ತು ಕಡಿತದ ನೋವೇ ರೋಗ ದಾಟುವುದಕ್ಕೆ ದಾರಿ ಮಾಡಿಕೊಡುತ್ತದೆ. ಏಡಿಸ್ ಈಜಿಪ್ಟಿ ಸೊಳ್ಳೆ ರೋಗದ ರಾಸನ್ನು ಕಚ್ಚಿದ ಎರಡರಿಂದ ಆರು ದಿನಗಳ ನಂತರವೂ ಸೋಂಕು ದಾಟಿಸಬಲ್ಲದು ಎಂಬುದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡಿತು. ಕೆಲವು ಜಾತಿಯ ಉಣ್ಣೆಗಳೂ ಈ ವೈರಸ್ಸನ್ನು ಹೊರಬಲ್ಲವು.

ಇಲ್ಲಿ ಕೀಟದೊಳಗೆ ಕಾಯಬೇಕಾದ ಅವಧಿಯೇ ಇಲ್ಲ. ಆದ್ದರಿಂದ ಉಷ್ಣತೆ ವೈರಸ್ಸಿನ ಬೆಳವಣಿಗೆಯನ್ನು ಆಳುವುದಿಲ್ಲ, ನೊಣಗಳ ಸಂಖ್ಯೆಯನ್ನು ಮಾತ್ರ ಆಳುತ್ತದೆ. ಇನ್ನೊಂದು ಪರಿಣಾಮವೂ ಉಂಟು: ಸೋಂಕು ತಗುಲಿದ ಎಲ್ಲ ರಾಸುಗಳಲ್ಲೂ ಗಂಟು ಏಳುವುದಿಲ್ಲವಾದರೂ, ಗಂಟು ಎದ್ದ ರಾಸುಗಳೇ ಕೀಟಗಳಿಗೆ ವೈರಸ್ ಉಣಿಸುವುದರಲ್ಲಿ ಬಹುಪಾಲು ಹೊಣೆ ಹೊತ್ತಿರುತ್ತವೆ. ನೀಲಿ ನಾಲಿಗೆಯಲ್ಲಿ ಕಣ್ಣಿಗೆ ಕಾಣದ ರೋಗಿ ಅಪಾಯಕಾರಿ. ಚರ್ಮಗಂಟಿನಲ್ಲಿ ಕಣ್ಣಿಗೆ ಕಾಣುವ ರೋಗಿಯೇ ಹೆಚ್ಚು ಅಪಾಯಕಾರಿ. ಬೇಗ ಗುರುತಿಸಿ ಬೇರೆ ಕಟ್ಟುವುದರಿಂದ ಎರಡನೆಯದರಲ್ಲಿ ಸಿಗುವಷ್ಟು ಫಲ ಮೊದಲನೆಯದರಲ್ಲಿ ಸಿಗದು.

ನೊಣ ಮಂದೆಯನ್ನು ಬಿಟ್ಟು ಬಹಳ ದೂರ ಹೋಗುವುದು ಅಪರೂಪವಾದ್ದರಿಂದ ಚರ್ಮಗಂಟು ರೋಗ ಸಾಮಾನ್ಯವಾಗಿ ಒಂದೊಂದು ಹೆಜ್ಜೆಯಾಗಿ, ಕೆಲವೇ ಕಿಲೋಮೀಟರ್‌ಗಳಂತೆ ಮುಂದುವರಿಯುತ್ತದೆ. ನೂರಾರು ಕಿಲೋಮೀಟರ್‌ಗಳ ದೊಡ್ಡ ನೆಗೆತಗಳು ಕಂಡಾಗ ಅಲ್ಲಿ ಹುಡುಕಬೇಕಾದುದು ರಾಸುಗಳನ್ನು ಸಾಗಿಸಿದ ಲಾರಿಯನ್ನು. 1929ರಲ್ಲಿ ಇಂದಿನ ಜಾಂಬಿಯದಲ್ಲಿ ಮೊದಲು ದಾಖಲಾದ ರೋಗ ದಶಕಗಳ ಕಾಲ ಆಫ್ರಿಕ ಖಂಡದೊಳಗೇ ಇದ್ದು, 1988ರಲ್ಲಿ ಈಜಿಪ್ಟಿಗೂ 1989ರಲ್ಲಿ ಇಸ್ರೇಲಿಗೂ ಬಂದಿತು. 2013ರಲ್ಲಿ ತುರ್ಕಿ, 2015ರಲ್ಲಿ ಗ್ರೀಸ್, 2016ರಲ್ಲಿ ಬಾಲ್ಕನ್ ದೇಶಗಳು, 2019ರಲ್ಲಿ ಬಾಂಗ್ಲಾದೇಶ, ಭಾರತ ಮತ್ತು ಚೀನಾ. 2025ರ ಜೂನ್‌ನಲ್ಲಿ ಇಟಲಿಯ ಸಾರ್ಡೀನಿಯ ದ್ವೀಪ ಮತ್ತು ಫ್ರಾನ್ಸಿನ ಸವೋಯಿ. ಅರವತ್ತು ವರ್ಷ ಒಂದೇ ಖಂಡದಲ್ಲಿದ್ದ ರೋಗಕ್ಕೆ ಇತ್ತೀಚಿನ ಹತ್ತು ಹನ್ನೆರಡು ವರ್ಷಗಳಲ್ಲಿ ಇಷ್ಟು ವೇಗ ಬಂದುದಕ್ಕೆ ನೊಣದ ರೆಕ್ಕೆಗಿಂತ ಮನುಷ್ಯನ ವ್ಯಾಪಾರವೇ ಹೆಚ್ಚು ಕಾರಣ ಎಂದು ನಾನು ತಿಳಿಯುತ್ತೇನೆ.

ಕೀಟವನ್ನೇ ನಿರ್ಮೂಲ ಮಾಡುವ ಯೋಚನೆ ಎರಡೂ ಬಗೆಯಲ್ಲಿ ಕೈಗೂಡುವುದಿಲ್ಲ. ಸಗಣಿ, ಕೊಳೆತ ಹುಲ್ಲು, ಒದ್ದೆ ನೆಲ ಇರುವಲ್ಲೆಲ್ಲ ಅವು ಹುಟ್ಟುತ್ತವೆ. ತಿಪ್ಪೆಯನ್ನು ದೂರವಿಡುವುದು, ಮುಸ್ಸಂಜೆಯಲ್ಲಿ ರಾಸುಗಳನ್ನು ಒಳಗೆ ಕಟ್ಟುವುದು, ಮೈಗೆ ಕೀಟನಾಶಕ ಹಚ್ಚುವುದು ಇವು ಕಡಿತಗಳ ಸಂಖ್ಯೆಯನ್ನು ತಗ್ಗಿಸಬಲ್ಲವು. ಮಾಡುವುದು ಒಳ್ಳೆಯದೇ, ಆದರೆ ಅವುಗಳನ್ನೇ ನಂಬಿ ಕೂರುವಂತಿಲ್ಲ. ಉಳಿಯುವುದು ಲಸಿಕೆ, ಮತ್ತು ಅಲ್ಲಿ ಎರಡು ರೋಗಗಳ ಸ್ಥಿತಿ ತೀರ ಭಿನ್ನ. ನೀಲಿ ನಾಲಿಗೆಯ ವೈರಸ್ಸಿನಲ್ಲಿ ಇಪ್ಪತ್ತನಾಲ್ಕಕ್ಕೂ ಹೆಚ್ಚು ಸೀರೋಟೈಪುಗಳಿದ್ದು, ಒಂದಕ್ಕೆ ಮಾಡಿದ ಲಸಿಕೆ ಇನ್ನೊಂದರಿಂದ ಸಾಕಷ್ಟು ರಕ್ಷಣೆ ಕೊಡುವುದಿಲ್ಲ. 2008ರಿಂದ ನಡೆದ ಸಾಮೂಹಿಕ ಲಸಿಕೆಯಿಂದ ಎಂಟನೆಯದನ್ನು ಹತೋಟಿಗೆ ತಂದ ಯುರೋಪ್, 2023ರ ಸೆಪ್ಟೆಂಬರ್‌ನಲ್ಲಿ ನೆದರ್ಲೆಂಡ್ಸ್‌ನಲ್ಲಿ ಮೂರನೆಯದು ಕಾಣಿಸಿಕೊಂಡಾಗ ಹೊಸ ಲಸಿಕೆಗಾಗಿ ಮರುವರ್ಷದವರೆಗೆ ಕಾಯಬೇಕಾಯಿತು. ಚರ್ಮಗಂಟಿನ ವೈರಸ್ಸಿಗೆ ಇಂತಹ ಹಲವು ಮುಖಗಳಿಲ್ಲ. ಭಾರತದಲ್ಲಿ ಮಾಡಿದಂತೆ, ಹತ್ತಿರದ ಬಂಧುವಾದ ಮೇಕೆಸಿಡುಬಿನ ಲಸಿಕೆಯನ್ನು ಕೂಡ ಅದರ ವಿರುದ್ಧ ಬಳಸಲು ಸಾಧ್ಯವಾಗಿದೆ.

ಜೀವಂತ ವೈರಸ್ಸಿನಿಂದ ಮಾಡುವ ಲಸಿಕೆಯ ಗುಣಮಟ್ಟದಲ್ಲಿ ಮಾತ್ರ ರಾಜಿ ಸಲ್ಲದು. 2017ರಲ್ಲಿ ರಷ್ಯಾದ ಸರಾಟೊವ್‌ನಲ್ಲಿ ಸಿಕ್ಕ ಚರ್ಮಗಂಟು ವೈರಸ್ಸಿನ ಜೀನೋಮಿನಲ್ಲಿ, ಅಂದರೆ ಅದರ ಇಡೀ ಆನುವಂಶಿಕ ವಸ್ತುವಿನಲ್ಲಿ, ಲಸಿಕೆಯ ತಳಿಯ ತುಣುಕುಗಳೂ ಹೊರಗೆ ರಾಸುಗಳಲ್ಲಿ ರೋಗ ತರುವ ತಳಿಯ ತುಣುಕುಗಳೂ ಬೆರೆತಿದ್ದವು. ಅಂತಹ ಬೆರಕೆ ತಳಿಗಳು ಆಮೇಲೆ ಏಷ್ಯಾದ ಪೂರ್ವಭಾಗದಲ್ಲಿ ಹರಡಿದವು. ತಯಾರಿಕೆಯಲ್ಲಿ ಶುದ್ಧತೆ ಕೆಟ್ಟ ಲಸಿಕೆಯೇ ಅವುಗಳ ಮೂಲ ಎಂಬುದನ್ನು ಜೀನೋಮ್ ಅಧ್ಯಯನಗಳು ಬಲವಾಗಿ ಸೂಚಿಸಿವೆ.

ಒಳ್ಳೆಯ ಲಸಿಕೆಯನ್ನು ಹೊತ್ತಿಗೆ ಸರಿಯಾಗಿ ಹಾಕಿದಾಗ ಏನಾಗುತ್ತದೆ ಎಂಬುದಕ್ಕೆ ಬಾಲ್ಕನ್ ಪ್ರದೇಶದ ದಾಖಲೆ ಸ್ಪಷ್ಟವಾಗಿದೆ. ಅಲ್ಲಿ 2016ರಲ್ಲಿ 7,483 ಕಡೆ ಚರ್ಮಗಂಟು ರೋಗ ಎದ್ದಿತ್ತು. ಚರ್ಮಗಂಟಿನ ವೈರಸ್ಸನ್ನೇ ದುರ್ಬಲಗೊಳಿಸಿ ಮಾಡಿದ ನೀತ್ಲಿಂಗ್ ತಳಿಯ ಲಸಿಕೆಯನ್ನು ಸಾಮೂಹಿಕವಾಗಿ ಹಾಕಿದ ಮೇಲೆ, 2017ರಲ್ಲಿ ಆ ಸಂಖ್ಯೆ 385ಕ್ಕೆ ಇಳಿಯಿತು. ಲಸಿಕೆ ಹಾಕಿದ ರಾಸಿನಲ್ಲಿ ಪೂರ್ಣ ರಕ್ಷಣೆ ಮೂಡಲು ಸುಮಾರು ಮೂರು ವಾರ ಬೇಕು, ಅಷ್ಟರಲ್ಲಿ ನೊಣಗಳು ಹಲವು ಕೊಟ್ಟಿಗೆಗಳನ್ನು ದಾಟಿರುತ್ತವೆ. ಆದ್ದರಿಂದ ನೆರೆಯ ಕ್ರೊಯೇಷಿಯ ತನ್ನಲ್ಲಿ ಒಂದು ರಾಸಿಗೂ ರೋಗ ಬರುವ ಮೊದಲೇ ಲಸಿಕೆ ಹಾಕಿಸಿತು, ಮತ್ತು ಆ ಸಾಂಕ್ರಾಮಿಕದ ಉದ್ದಕ್ಕೂ ಅಲ್ಲಿ ಚರ್ಮಗಂಟು ರೋಗ ಕಾಣಿಸಿಕೊಳ್ಳಲಿಲ್ಲ.