ಏಪ್ರಿಲ್ 13: ಅಂಕೋಲೆಗೂ ಅಮೃತಸರಕ್ಕೂ ಒಂದೇ ದಿನ ಬಂದದ್ದು ಹೇಗೆ?

ಪ್ರಶ್ನೆ: 'ಈ ದಿನದ ವಿಶೇಷ' ಎಂಬ ಪಟ್ಟಿಯಲ್ಲಿ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡವೂ ನಮ್ಮ ಅಂಕೋಲೆಯ ಉಪ್ಪಿನ ಸತ್ಯಾಗ್ರಹವೂ ಏಪ್ರಿಲ್ 13ರ ಅಡಿಯಲ್ಲಿಯೇ ಇವೆ. ಇದು ಕಾಕತಾಳೀಯವೇ? (ಓದುಗರೊಬ್ಬರು, ಕಾರವಾರ)

ಉತ್ತರ: ಅಲ್ಲ. ಇವೆರಡರ ನಡುವೆ 'ರಾಷ್ಟ್ರೀಯ ಸಪ್ತಾಹ' ಎಂಬ ಕೊಂಡಿಯಿದೆ. ಪಟ್ಟಿ ಮಾಡುವವರು ಸಾಮಾನ್ಯವಾಗಿ ಬಿಟ್ಟುಬಿಡುವುದು ಅದನ್ನೇ.

ರೌಲಟ್ ಕಾಯ್ದೆಯನ್ನು ವಿರೋಧಿಸಿ ಗಾಂಧೀಜಿ ಕರೆಕೊಟ್ಟ ದೇಶವ್ಯಾಪಿ ಹರತಾಳ ನಡೆದದ್ದು 1919ರ ಏಪ್ರಿಲ್ 6ರಂದು. ಅದಾದ ಒಂದು ವಾರಕ್ಕೆ, ಬೈಸಾಖಿಯ ದಿನ, ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ ಸೇರಿದ್ದ ಜನರ ಮೇಲೆ ಜನರಲ್ ಡಯರ್ ಗುಂಡು ಹಾರಿಸಿದನು. ಸಭೆ ಸೇರುವುದನ್ನು ನಿಷೇಧಿಸಿದ್ದ ಆಜ್ಞೆಯ ಅರಿವೇ ಇಲ್ಲದೆ ಹಬ್ಬಕ್ಕೆಂದು ಹಳ್ಳಿಗಳಿಂದ ಬಂದಿದ್ದವರೂ ಅಲ್ಲಿದ್ದರು. ಸರ್ಕಾರಿ ಲೆಕ್ಕದಲ್ಲಿ ಸತ್ತವರು 379 ಮಂದಿ. ಭಾರತೀಯರ ಅಂದಾಜು ಅದಕ್ಕಿಂತ ಬಹಳ ಹೆಚ್ಚು. ಮರುವರ್ಷದಿಂದ ಏಪ್ರಿಲ್ 6ರಿಂದ 13ರವರೆಗಿನ ದಿನಗಳನ್ನು ಕಾಂಗ್ರೆಸ್ಸು ರಾಷ್ಟ್ರೀಯ ಸಪ್ತಾಹವೆಂದು ಆಚರಿಸತೊಡಗಿತು.

1930ರಲ್ಲಿ ಗಾಂಧೀಜಿ ಏಪ್ರಿಲ್ 5ರಂದೇ ದಂಡಿಯನ್ನು ಮುಟ್ಟಿದ್ದರೂ ಉಪ್ಪನ್ನು ಕೈಗೆತ್ತಿಕೊಂಡದ್ದು ಮರುದಿನ ಬೆಳಿಗ್ಗೆ, ಅಂದರೆ ಸಪ್ತಾಹದ ಮೊದಲ ದಿನ. ಕರ್ನಾಟಕದ ಉಪ್ಪಿನ ಸತ್ಯಾಗ್ರಹಕ್ಕೆ ನಾಯಕರು ಆರಿಸಿಕೊಂಡದ್ದು ಸಮುದ್ರ ಕೈಗೆಟಕುವ ಅಂಕೋಲೆಯನ್ನು. ಅಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಕಾಯ್ದೆ ಮುರಿದದ್ದು ಅದೇ ಸಪ್ತಾಹದ ಕೊನೆಯ ದಿನವಾದ ಏಪ್ರಿಲ್ 13ರಂದು. ಮುಂದೆ ಕರನಿರಾಕರಣೆಯಿಂದಾಗಿ, ಅಂಥದೇ ಚಳವಳಿಗೆ ಹೆಸರಾದ ಗುಜರಾತಿನ ಬಾರ್ಡೋಲಿಯ ನೆನಪಿನಲ್ಲಿ, 'ಕರ್ನಾಟಕದ ಬಾರ್ಡೋಲಿ' ಎಂಬ ಹೆಸರು ಪಡೆದ ತಾಲೂಕಿಗೆ ಇದು ತಕ್ಕ ಆರಂಭವೇ ಆಗಿತ್ತು. ಎರಡೂ ವರ್ಷಗಳಲ್ಲಿ ಆ ದಿನ ಭಾನುವಾರವಾಗಿದ್ದುದು ಮಾತ್ರ ಶುದ್ಧ ಆಕಸ್ಮಿಕ. 1919 ಮತ್ತು 1930ರ ಕ್ಯಾಲೆಂಡರುಗಳಲ್ಲಿ ತಾರೀಖು, ವಾರಗಳೆಲ್ಲ ಒಂದೇ ರೀತಿ ಬರುತ್ತವೆ.

ಅದೇ ಪಟ್ಟಿಯ ಜನ್ಮದಿನಗಳಿಗೆ ಇಂಥ ಕೊಂಡಿಯೇನೂ ಇಲ್ಲ. ನಾಟಕಕಾರ ಸ್ಯಾಮ್ಯುಯೆಲ್ ಬೆಕೆಟ್ (1906) ಮತ್ತು ಕವಿ ಶೀಮಸ್ ಹೀನಿ (1939) ಇಬ್ಬರೂ ಐರ್ಲೆಂಡಿನವರು, ಇಬ್ಬರೂ ನೊಬೆಲ್ ಪಡೆದವರು ಎಂಬುದು ಕುತೂಹಲದ ಸಂಗತಿಯಷ್ಟೆ. ಅಮೆರಿಕದ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್‌ನ ಹೆಸರನ್ನಂತೂ ಸ್ವಲ್ಪ ಎಚ್ಚರದಿಂದಲೇ ಓದಬೇಕು. ಅವನು ಹುಟ್ಟಿದ 1743ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಹಳೆಯ ಜೂಲಿಯನ್ ಪಂಚಾಂಗ ಬಳಕೆಯಲ್ಲಿದ್ದು, ಅದರ ಪ್ರಕಾರ ಆ ದಿನ ಏಪ್ರಿಲ್ 2 ಆಗಿತ್ತು. 1752ರಲ್ಲಿ ಬ್ರಿಟನ್ ಗ್ರೆಗೋರಿಯನ್ ಪಂಚಾಂಗಕ್ಕೆ ಬದಲಾದಾಗ 11 ದಿನಗಳನ್ನು ಕೈಬಿಟ್ಟದ್ದರಿಂದ ಅವನ ಹುಟ್ಟುಹಬ್ಬ 13ಕ್ಕೆ ಬಂತು. ಸಮಾಧಿಯ ಕಲ್ಲಿನ ಮೇಲೆ ಮಾತ್ರ ಇಂದಿಗೂ ಹಳೆಯ ಲೆಕ್ಕದ ಏಪ್ರಿಲ್ 2 ಎಂದೇ ಇದೆ.