ಐರೇನಿಯಸ್‌ನ ಹನ್ನೆರಡು ಹೆಸರು: ಆದಿ ಸಭೆಯಲ್ಲಿ 'ಸಂಪ್ರದಾಯ' ಅಂದರೇನು?

ಮೊದಲು ಪದದ ವಿಷಯ ಮುಗಿಸೋಣ. ನಮ್ಮಲ್ಲಿ ಸಂಪ್ರದಾಯ ಅಂದ ಕೂಡಲೇ ಹಬ್ಬ, ಮಡಿ, ಮದುವೆ ಶಾಸ್ತ್ರ ನೆನಪಾಗುತ್ತದೆ. ಅದೇ ಅರ್ಥ ಇಟ್ಟುಕೊಂಡು ಆದಿ ಸಭೆಯವರ, ಅಂದರೆ ಮೊದಲ ಕೆಲವು ಶತಮಾನಗಳ ಕ್ರೈಸ್ತರ, ಬರಹ ಓದಿದರೆ ದಾರಿ ತಪ್ಪುತ್ತದೆ, ನನಗೂ ತಪ್ಪಿತ್ತು. ಪದದ ಬೇರು ನೋಡಿ: ಸಂ-ಪ್ರ-ದಾ, ಅಂದರೆ ಪೂರ್ತಿ ಒಪ್ಪಿಸಿಕೊಡುವುದು. ಗ್ರೀಕಿನ 'ಪರಾದೊಸಿಸ್' ಕೂಡ ಇದೇ. ಅಪೊಸ್ತಲ ಪೌಲನು ಬೈಬಲಿನ 1 ಕೊರಿಂಥ ಪತ್ರದ 15ನೇ ಅಧ್ಯಾಯದಲ್ಲಿ, ತಾನು ಪಡೆದದ್ದನ್ನೇ ನಿಮಗೂ ಒಪ್ಪಿಸಿದೆ ಅನ್ನುವುದು ಈ ಅರ್ಥದಲ್ಲಿ.

ಈಗ ಜಗಳಕ್ಕೆ ಬರೋಣ. 2ನೇ ಶತಮಾನದ ಗ್ನಾಸ್ಟಿಕ್ ಪಂಗಡಗಳು (ಗುಪ್ತ ಜ್ಞಾನದಿಂದಲೇ ಬಿಡುಗಡೆ ಅನ್ನುತ್ತಿದ್ದವರು) ಸಂಪ್ರದಾಯ ಬೇಡ ಅಂದವರಲ್ಲ, ನಿಜವಾದದ್ದು ನಮ್ಮ ಹತ್ತಿರವೇ ಇದೆ ಅಂದವರು. ಅಪೊಸ್ತಲರು, ಅಂದರೆ ಯೇಸು ಕಳಿಸಿದ ಮೊದಲ ಬೋಧಕರು, ಕೆಲವರ ಕಿವಿಯಲ್ಲಿ ಮಾತ್ರ ಹೇಳಿದ ಗುಟ್ಟು ಇದು ಅನ್ನುವುದು ಅವರ ವಾದ. ಅವರಲ್ಲಿ ಹೆಸರಾಂತ ಗುರು ವ್ಯಾಲೆಂಟಿನಸ್‌ನ ಕಡೆಯವರಂತೂ ತಮ್ಮ ಗುರುವಿಗೆ ಕಲಿಸಿದವನು ಥ್ಯೂಡಾಸ್, ಅವನು ಪೌಲನ ಶಿಷ್ಯ ಎಂದು ಹೆಸರು ಸಮೇತ ಹೇಳುತ್ತಿದ್ದರು. ಇದಕ್ಕೆ ಏನು ಉತ್ತರ ಕೊಡುತ್ತೀರಿ? ಬೈಬಲ್ ವಚನ ತೋರಿಸಿದರೆ ಅವರೂ ಅದೇ ವಚನ ತೋರಿಸುತ್ತಾರೆ.

ಉತ್ತರ ಕೊಟ್ಟವನು ಐರೇನಿಯಸ್. ಈಗಿನ ಫ್ರಾನ್ಸಿನ ಲಿಯಾನ್‌ನಲ್ಲಿ ಬಿಷಪ್. ಚಿಕ್ಕವನಿದ್ದಾಗ ಏಷ್ಯಾ ಮೈನರ್‌ನಲ್ಲಿ ಸ್ಮಿರ್ನಾದ ಬಿಷಪ್ ಪಾಲಿಕಾರ್ಪ್‌ನ ಬೋಧನೆ ಕೇಳಿದ್ದ, ಪಾಲಿಕಾರ್ಪ್ ಯೇಸುವಿನ ಶಿಷ್ಯ ಯೋಹಾನನನ್ನು ಕಂಡಿದ್ದ. ಅಂದರೆ ಅವನಿಗೂ ಅಪೊಸ್ತಲರಿಗೂ ನಡುವೆ ಒಂದೇ ಕೊಂಡಿ. ಸುಮಾರು 180ರಲ್ಲಿ ಅವನು ಒಂದು ಪುಸ್ತಕದಲ್ಲಿ ಬರೆದ ಉತ್ತರ ಬಹಳ ಸರಳ: ಅಪೊಸ್ತಲರಿಗೆ ನಿಜಕ್ಕೂ ಗುಟ್ಟು ಗೊತ್ತಿದ್ದರೆ, ತಾವು ಕಟ್ಟಿದ ಸಭೆಗಳನ್ನೇ ಯಾರ ಕೈಗೆ ಒಪ್ಪಿಸಿದರೋ ಅವರಿಗೆ ಹೇಳದೆ ಬೇರೆ ಯಾರಿಗೆ ಹೇಳುತ್ತಿದ್ದರು? ಹೀಗಂದು ರೋಮಿನ ಬಿಷಪ್‌ಗಳ ಪಟ್ಟಿ ಕೊಡುತ್ತಾನೆ, ಲೈನಸ್‌ನಿಂದ ಹಿಡಿದು ತನ್ನ ಕಾಲದ ಎಲ್ಯುಥೀರಸ್‌ವರೆಗೆ ಹನ್ನೆರಡು ಹೆಸರು. ಇದನ್ನು ವಂಶಾವಳಿಯ ಜಂಭ ಅಂತ ಓದಬೇಡಿ. ಬಾಗಿಲು ತೆರೆದಿದೆ, ಯಾರು ಬೇಕಾದರೂ ಹೋಗಿ ಕೇಳಿ ಅನ್ನುವ ಸವಾಲು ಅದು.

ಬೈಬಲ್ ವಚನಗಳ ಬಗ್ಗೆ ಅವನು ಕೊಡುವ ಹೋಲಿಕೆ ನನಗೆ ತುಂಬಾ ಇಷ್ಟ. ಒಬ್ಬ ಕಲಾವಿದ ಬಣ್ಣದ ಕಲ್ಲುಗಳನ್ನು ಜೋಡಿಸಿ ರಾಜನ ಚಿತ್ರ ಮಾಡಿರುತ್ತಾನೆ, ಇನ್ನೊಬ್ಬ ಬಂದು ಅದೇ ಕಲ್ಲುಗಳನ್ನು ಕಿತ್ತು ನಾಯಿಯದೋ ನರಿಯದೋ ಚಿತ್ರ ಮಾಡಿ, ನೋಡಿ ಇದೇ ರಾಜ ಅನ್ನುತ್ತಾನೆ. ಕಲ್ಲುಗಳೆಲ್ಲ ಅಸಲಿ, ಜೋಡಣೆ ಮಾತ್ರ ನಕಲಿ. ಸರಿಯಾದ ಜೋಡಣೆ ಯಾವುದು ಅಂತ ತಿಳಿಸುವುದೇ 'ಸತ್ಯದ ನಿಯಮ', ದೀಕ್ಷಾಸ್ನಾನದ (ಸಭೆಗೆ ಸೇರುವಾಗ ಕೊಡುವ ಸ್ನಾನದ) ಹೊತ್ತಿಗೆ ಕಲಿಯುವ ನಂಬಿಕೆಯ ಸಾರ. ಕಾಗದ, ಮಸಿ ಇಲ್ಲದ ಎಷ್ಟೋ ಜನಾಂಗಗಳು ಇದನ್ನೇ ಎದೆಯಲ್ಲಿ ಇಟ್ಟುಕೊಂಡಿವೆ ಅಂತಲೂ ಬರೆಯುತ್ತಾನೆ.

ತಮಾಷೆ ಏನು ಗೊತ್ತಾ? ಇಷ್ಟೆಲ್ಲ ಹೇಳಿದ ಅದೇ ಪುಸ್ತಕದಲ್ಲಿ, ಯೇಸು ಐವತ್ತರ ಹತ್ತಿರದವರೆಗೂ ಬದುಕಿದ್ದ, ಏಷ್ಯಾದ ಹಿರಿಯರು ಯೋಹಾನನಿಂದ ಕೇಳಿದ್ದು ಇದು ಅಂತಲೂ ಹೇಳಿಬಿಟ್ಟಿದ್ದಾನೆ! ಸಾಮಾನ್ಯವಾಗಿ ಎಲ್ಲರೂ ಹೇಳುವುದು ಮೂವತ್ತರ ಆಚೀಚೆ. ಕೊಂಡಿ ಒಂದೇ ಇದ್ದರೂ ಎಡವಟ್ಟಾಗಬಹುದು.

ಇನ್ನು, ಎರಡು ಸಂಪ್ರದಾಯಗಳು ಒಂದಕ್ಕೊಂದು ಢಿಕ್ಕಿ ಹೊಡೆದರೆ? ಪಾಸ್ಕ (ಈಸ್ಟರ್) ಹಬ್ಬದ ವಿಷಯದಲ್ಲಿ ಆದದ್ದು ಅದೇ. ಏಷ್ಯಾದವರು ಯೆಹೂದ್ಯರ ನಿಸಾನ್ ತಿಂಗಳ 14ಕ್ಕೆ ಆಚರಿಸುತ್ತಿದ್ದರು, ಯೋಹಾನನಿಂದ ಬಂದದ್ದು ಅನ್ನುತ್ತಿದ್ದರು. ರೋಮಿನವರಿಗೆ ಭಾನುವಾರವೇ ಆಗಬೇಕು. ಪಾಲಿಕಾರ್ಪ್ ರೋಮಿಗೆ ಹೋಗಿ ಅಲ್ಲಿನ ಬಿಷಪ್ ಅನಿಸೀಟಸ್ ಜೊತೆ ಮಾತಾಡಿದ, ಇಬ್ಬರೂ ಬಗ್ಗಲಿಲ್ಲ, ಆದರೂ ಸಮಾಧಾನದಿಂದಲೇ ಬೀಳ್ಕೊಂಡರು. ಮುಂದೆ ಸುಮಾರು 190ರಲ್ಲಿ ರೋಮಿನ ಬಿಷಪ್ ವಿಕ್ಟರ್ ಏಷ್ಯಾದವರನ್ನು ಹೊರಗೆ ಹಾಕಲು ಹೊರಟಾಗ, ತಡೆಯಲು ಪತ್ರ ಬರೆದವನು ನಮ್ಮ ಐರೇನಿಯಸ್ಸೇ. ಹಬ್ಬಕ್ಕೆ ಮುಂಚಿನ ಉಪವಾಸದಲ್ಲಿನ ಭೇದವೇ ನಂಬಿಕೆಯಲ್ಲಿ ನಾವು ಒಂದು ಅಂತ ತೋರಿಸುತ್ತದೆ ಅನ್ನುವುದು ಅವನ ಮಾತಿನ ಸಾರ. ಅಂದರೆ ಆಚರಣೆ ಬೇರೆ, ಬೋಧನೆ ಬೇರೆ. ಪರೀಕ್ಷೆಯಲ್ಲಿ ಇದನ್ನು ಬರೆಯದೆ ಬರಬೇಡಿ.

ಆದರೆ ಈ ಗೆರೆ ಯಾವಾಗಲೂ ಇಷ್ಟು ಸಲೀಸಲ್ಲ. 256ರ ಸುಮಾರಿಗೆ ಉತ್ತರ ಆಫ್ರಿಕಾದ ಕಾರ್ತೇಜಿನ ಬಿಷಪ್ ಸಿಪ್ರಿಯನ್, ಸಭೆ ಬಿಟ್ಟುಹೋದ ಪಂಗಡಗಳು ಕೊಟ್ಟ ದೀಕ್ಷಾಸ್ನಾನ ದೀಕ್ಷಾಸ್ನಾನವೇ ಅಲ್ಲ, ಅಲ್ಲಿಂದ ಬಂದವರಿಗೆ ಇಲ್ಲಿ ಕೊಡಲೇಬೇಕು ಅಂದ. ರೋಮಿನ ಬಿಷಪ್ ಸ್ಟೀಫನ್, ಹಳೆಯ ಪದ್ಧತಿ ಹಾಗಿಲ್ಲ, ಹೊಸದೇನೂ ಮಾಡಬೇಡಿ ಅಂದ. ಅದಕ್ಕೆ ಸಿಪ್ರಿಯನ್ ಕೊಟ್ಟ ಪೆಟ್ಟು ಪ್ರಸಿದ್ಧ: ಸತ್ಯವಿಲ್ಲದ ರೂಢಿ ಬರೀ ಹಳೇ ತಪ್ಪು. ಒಳ್ಳೆಯ ಮಾತೇ, ಅಲ್ವಾ? ಆದರೆ ಕೊನೆಗೆ ಪಶ್ಚಿಮದ ಸಭೆ ಒಪ್ಪಿದ್ದು ಸ್ಟೀಫನ್ ಹೇಳಿದ್ದನ್ನು.

434ರಲ್ಲಿ ಲೆರಾನ್ಸ್ ದ್ವೀಪದ ಸನ್ಯಾಸಿ ವಿನ್ಸೆಂಟ್ ಒಂದು ಅಳತೆಗೋಲು ಕೊಟ್ಟ: ಎಲ್ಲ ಕಡೆ, ಎಲ್ಲ ಕಾಲದಲ್ಲಿ, ಎಲ್ಲರೂ ನಂಬಿದ್ದೇ ನಿಜವಾದ ಬೋಧನೆ. ಇದನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಬೋಧನೆ ಮಗುವಿನ ಮೈಯಂತೆ ಬೆಳೆಯಬಹುದು, ಬೇರೆ ಪ್ರಾಣಿಯಾಗಬಾರದು ಅಂತಲೂ ಅವನೇ ಹೇಳಿದ್ದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಅದೇ ಪುಸ್ತಕದಲ್ಲಿ ಆ ಹಳೆಯ ದೀಕ್ಷಾಸ್ನಾನದ ಜಗಳವೂ ಬರುತ್ತದೆ. ವಿನ್ಸೆಂಟ್‌ಗೆ ಅಲ್ಲಿ ಬೆರಗು: ಒಂದೇ ಅಭಿಪ್ರಾಯ, ಅದನ್ನು ಹುಟ್ಟುಹಾಕಿದವರು ಸಭೆಯ ಒಳಗೇ ಉಳಿದರು, ಆಮೇಲೆ ಅದನ್ನೇ ಹಿಡಿದ ಡೊನಾಟಿಸ್ಟರು (ಉತ್ತರ ಆಫ್ರಿಕಾದಲ್ಲಿ ಸಭೆಯಿಂದ ಒಡೆದುಹೋದ ಪಂಗಡ) ಹೊರಗಾದರು.