‘ನಾನು ಬರೆಯುತ್ತೇನೆ’: ಮಗ್ರಿಬಿಗಳ ಒಂದು ‘ನಿ’

ಮಗ್ರಿಬ್ ಅಂದರೆ ಸೂರ್ಯ ಮುಳುಗುವ ದಿಕ್ಕು. ಮೊರಾಕೊ, ಅಲ್ಜೀರಿಯಾ, ಟ್ಯುನೀಶಿಯಾ ಕಡೆಯವರ ಆಡುಮಾತು ದಾರಿಜಾ. ಅದು ‘ಕೆಟ್ಟುಹೋದ ಅರಬ್ಬಿ’ ಎನ್ನುವವರು ಪೂರ್ವದ ಅರಬರಲ್ಲಷ್ಟೇ ಅಲ್ಲ, ದಿನವೂ ಅದನ್ನೇ ಆಡುವವರಲ್ಲೂ ಇದ್ದಾರೆ. ಈ ಮಾತು ಕೇಳಿದಾಗೆಲ್ಲ ನನಗೆ ಸುಮ್ನಿರೋಕೆ ಆಗುವುದಿಲ್ಲ. ಕೆಟ್ಟಿದ್ದರೆ ಅದರ ವ್ಯಾಕರಣ ಇಷ್ಟು ಓರಣವಾಗಿ ಇರುತ್ತಿತ್ತೇ?

‘ಬರೆ’ ಎಂಬ ಒಂದೇ ಕ್ರಿಯಾಪದ ನೋಡಿ. ಶಾಲೆಯ ಅರಬ್ಬಿಯಲ್ಲಿ ಅವನು ‘ಯಕ್ತುಬು’, ಅವರು ‘ಯಕ್ತುಬೂನ’. ಮೊದಲಕ್ಷರ ಒಂದೇ, ಹಲವರಾದರೆ ಕೊನೆಗೊಂದು ಬಾಲ. ನೀನು, ನೀವು ಕೂಡ ಹೀಗೆಯೇ. ಆದರೆ ನಾನು ‘ಅಕ್ತುಬು’, ನಾವು ‘ನಕ್ತುಬು’. ಇಲ್ಲಿ ಬಾಲವೇ ಇಲ್ಲ, ಮೊದಲಕ್ಷರವೇ ಬೇರೆ. ಮೆಟ್ಟಿಲುಗಳ ಸಾಲಿನಲ್ಲಿ ಒಂದು ಮಾತ್ರ ಎತ್ತರವಿದ್ದರೆ ಕಾಲು ಎಡವುತ್ತದೆ, ಅಲ್ವಾ? ಅಡುಗೆಮನೆಯ ಎಲ್ಲ ಡಬ್ಬಿಗೂ ಒಂದೇ ಅಳತೆಯ ಮುಚ್ಚಳವಿದ್ದು, ಎರಡಕ್ಕೆ ಮಾತ್ರ ಬೇರೆ ಇದ್ದರೆ ಕೈ ತಡಕಾಡುತ್ತದೆ. ನಾಲಿಗೆಗೂ ಹಾಗೆಯೇ. ಮಗ್ರಿಬಿಗಳ ನಾಲಿಗೆ ಆ ಮೆಟ್ಟಿಲನ್ನು ಸರಿಮಾಡಿತು. ಟ್ಯೂನಿಸ್‌ನಲ್ಲಿ ಅವನು ‘ಯಿಕ್ತೆಬ್’, ಅವರು ‘ಯಿಕ್ತ್ಬು’. ನಾನು ‘ನಿಕ್ತೆಬ್’, ನಾವು ‘ನಿಕ್ತ್ಬು’. ಒಬ್ಬರಾದರೆ ಬಾಲವಿಲ್ಲ, ಹಲವರಾದರೆ ‘ಉ’. ಮುಗಿಯಿತು! ಒಬ್ಬನೇ ಇರುವಾಗ ‘ನಿ’ ಎನ್ನುವುದು ಕೈರೋದವರ ಕಿವಿಗೆ ‘ನಾವು’ ಅಂದಂತೆ ಕೇಳಿಸುತ್ತದೆ. ಭಾಷೆ ಬಲ್ಲವರು ಮಗ್ರಿಬಿ ಅರಬ್ಬಿಯನ್ನು ಗುರುತು ಹಿಡಿಯುವುದೂ ಇದರಿಂದಲೇ.

ಅರಬರು 670ರಲ್ಲಿ ಈಗಿನ ಟ್ಯುನೀಶಿಯಾದಲ್ಲಿ ಕೈರುವಾನ್ ಊರು ಕಟ್ಟಿದರು. ಅರಬ್ಬಿ ಮೊದಲು ಬೇರು ಬಿಟ್ಟದ್ದು ಇಂಥ ಊರುಗಳಲ್ಲಿ. ಹಳ್ಳಿಗಾಡಿಗೆ ಅದನ್ನು ಜಾಸ್ತಿ ಹರಡಿದ್ದು 11ನೇ ಶತಮಾನದಲ್ಲಿ ಬಂದ ಬನೂ ಹಿಲಾಲ್ ಬುಡಕಟ್ಟುಗಳು. ಅರಬರಿಗೂ ಮೊದಲೇ ಅಲ್ಲಿದ್ದ ಅಮಾಜಿಗ್ (ಬರ್ಬರ್) ಜನ ತಮ್ಮ ಮಾತಿನ ಅಚ್ಚನ್ನೂ ಅರಬ್ಬಿಗೆ ಒತ್ತಿದರು. ಮೊರಾಕೊದಲ್ಲಿ ‘ನಜ್ಜಾರ್’ ಅಂದರೆ ಬಡಗಿ. ಇದು ಅರಬ್ಬಿ ಪದ. ಅದರ ಹಿಂದೆ ಮುಂದೆ ಅಮಾಜಿಗ್‌ನ ‘ತ’, ‘ತ್’ ಸೇರಿಸಿ ‘ತನಜ್ಜಾರ್ತ್’ ಎಂದರೆ ಬಡಗಿಯ ಕಸುಬು. ಪೂರ್ವದ ಅರಬರಿಗೆ ಇದು ಹೊಳೆಯಲಿಲ್ಲ.

ಸಮುದ್ರ ದಾಟಿದರೆ ಮಾಲ್ಟಾ. ಅಲ್ಲಿನ ಮಾತೂ ಇದೇ ಬಳ್ಳಿಯದು. ಆದರೆ ಅದನ್ನು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. 2004ರಿಂದ ಅದು ಐರೋಪ್ಯ ಒಕ್ಕೂಟದ ಅಧಿಕೃತ ಭಾಷೆಗಳಲ್ಲೊಂದು. ಮಾಲ್ಟಾದ ಮಗು ‘ನಿಕ್ತೆಬ್’ ಎಂದು ಬರೆದರೆ ಟೀಚರ್ ಸರಿ ಗುರುತು ಹಾಕುತ್ತಾರೆ. ಟ್ಯೂನಿಸ್‌ನ ಮಗು ಮನೆಯಲ್ಲಿ ಅಮ್ಮನಿಂದ ಕಲಿತ ಅದೇ ಪದವನ್ನು ಅರಬ್ಬಿ ಪರೀಕ್ಷೆಯಲ್ಲಿ ಬರೆದರೆ ಅದು ತಪ್ಪು.